ನಿವೃತ್ತಿಯ ನಂತರ ಮಾದರಿ ವಿಮಾನ

ಕಾಲೇಜಿನ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿತು, ನೌಕರಿ ಸಿಕ್ಕ ಮೇಲೆ ಬಿಟ್ಟು, ಅರವತ್ತು ದಾಟಿದ ಮೇಲೆ ಮತ್ತೆ ಅದಕ್ಕೆ ಕೈಹಾಕುವವರಿದ್ದಾರೆ. ಕಟ್ಟುವ ಕೈಚಳಕ ಅವರಿಗೆ ಬೇಗ ಮರಳುತ್ತದೆ. ಹಾರಿಸುವುದನ್ನು ಮಾತ್ರ ಬಹುಪಾಲು ಹೊಸದಾಗಿಯೇ ಕಲಿಯಬೇಕಾಗುತ್ತದೆ. ಆದ್ದರಿಂದ ಮೊದಲು ಫೋಮ್‌ನ ಸಿದ್ಧ ವಿಮಾನ ಹಾರಿಸಿ ಕೈ ಪಳಗಿಸಿಕೊಂಡು, ಆಮೇಲೆ ಬಾಲ್ಸಾದಲ್ಲಿ ಕಟ್ಟಿದ್ದನ್ನು ಮೇಲೇರಿಸುವ ಕ್ರಮ ಒಳ್ಳೆಯದು.

ಬಾಲ್ಸಾ ಮರದ ಸಾಂದ್ರತೆ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ಕೊಂಡ ಹಾಳೆಗಳನ್ನು ತೂಗಿ, ಹಗುರವಾದವನ್ನು ಬಾಲಕ್ಕೂ ಗಟ್ಟಿಯಾದವನ್ನು ರೆಕ್ಕೆಯ ಉದ್ದಪಟ್ಟಿಗಳಿಗೂ ಎತ್ತಿಡಬೇಕು. ಬಾಲದಲ್ಲಿ ಕೂತ ಒಂದು ಗ್ರಾಂ ಸರಿದೂಗಬೇಕಾದರೆ ಮೂತಿಗೆ ಹಲವು ಗ್ರಾಂ ಸೀಸ ಬೇಕು. ರೆಕ್ಕೆಯ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿದರೆ ಒಂದರಂತೆ ಇನ್ನೊಂದು ಬರುವುದಿಲ್ಲ. ಎರಡು ಪ್ಲೈವುಡ್ ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಪೇರಿಸಿ, ಗುಂಡುಸೂಜಿ ಚುಚ್ಚಿ, ಇಡೀ ಕಟ್ಟನ್ನು ಉಪ್ಪುಕಾಗದದಿಂದ ಒಟ್ಟಿಗೇ ಉಜ್ಜಬೇಕು. ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಸಿದರೆ ಅಂಟು ಕಾಗದಕ್ಕೆ ಹಿಡಿಯದು.

ಗುರುತ್ವಕೇಂದ್ರ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬೀಳಬೇಕು. ರೆಕ್ಕೆ 24 ಸೆಂ.ಮೀ. ಅಗಲವಿದ್ದರೆ, ಮುಂದಿನ ಅಂಚಿನಿಂದ 6ರಿಂದ 8 ಸೆಂ.ಮೀ. ಒಳಗೆ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ ನಿಲ್ಲಬೇಕು. ಮೂತಿ ತುಸು ಭಾರವಾದರೆ ವಿಮಾನ ಜಡವಾಗಿಯಾದರೂ ಹಾರುತ್ತದೆ. ಬಾಲ ಭಾರವಾದರೆ ಹತೋಟಿಗೇ ಸಿಗುವುದಿಲ್ಲ.

ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿ ಓಡಿಸುತ್ತಿದ್ದ ಗ್ಲೋ ಎಂಜಿನ್ನಿನ ಜಾಗಕ್ಕೆ ಈಗ ಬ್ರಷ್‌ಲೆಸ್ ಮೋಟಾರ್ ಬಂದಿದೆ. ಎಂಜಿನ್ ಚಾಲೂ ಮಾಡಿದರಷ್ಟೇ ತಿರುಗುತ್ತಿತ್ತು. ಮೋಟಾರಿಗಾದರೋ ಬ್ಯಾಟರಿ ಸಿಕ್ಕಿಸಿದ್ದರೆ ಸಾಕು. ಥ್ರಾಟಲ್ ಕಡ್ಡಿಗೆ ತೋಳು ತಗುಲಿದರೂ ಪ್ರೊಪೆಲ್ಲರ್ ತಿರುಗಿ ಬೆರಳು ಸೀಳಬಹುದು. ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ ಆಮೇಲೆ ಬ್ಯಾಟರಿ ಜೋಡಿಸುವುದು, ಕೊನೆಗೆ ಬ್ಯಾಟರಿ ಕಳಚಿ ಆಮೇಲೆ ಟ್ರಾನ್ಸ್‌ಮಿಟರ್ ಆರಿಸುವುದು ಮೋಟಾರ್ ಹತೋಟಿ ತಪ್ಪಿ ತಿರುಗದಿರಲೆಂದೇ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಹಾರಾಟವಿಲ್ಲದ ದಿನಗಳಲ್ಲಿ ಅದನ್ನು 3.8 ವೋಲ್ಟಿನ ಆಸುಪಾಸಿನಲ್ಲಿಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು. ಚಾರ್ಜ್ ಆಗುವಾಗ ಯಾವ ಬ್ಯಾಟರಿಯನ್ನೂ ಬಿಟ್ಟು ಹೋಗಬಾರದು.

ಹಿಂದೆ ಇಬ್ಬರು ಒಂದೇ ಚಾನೆಲ್ ಬಳಸಿದರೆ ವಿಮಾನ ಬೀಳುತ್ತಿತ್ತು. 2.4 ಗಿಗಾಹರ್ಟ್ಸ್ ಸೆಟ್‌ಗಳು ಆ ತಲೆನೋವನ್ನು ತಪ್ಪಿಸಿವೆ. ಆದರೂ ಸಿಗ್ನಲ್ ತಪ್ಪಿದರೆ ಮೋಟಾರ್ ತಾನೇ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ನೆಲದ ಮೇಲೆಯೇ ಪರೀಕ್ಷಿಸಬೇಕು. ಹಳೆಯ ಸೆಟ್ಟಿನಲ್ಲಿ ಥ್ರಾಟಲ್ ಯಾವ ಕೈಗೆ ಇತ್ತೋ ಹೊಸದರಲ್ಲೂ ಅದೇ ಕೈಗೆ ಇರಲಿ; ಗಾಬರಿಯಾದಾಗ ಬೆರಳು ಹಳೆಯ ರೂಢಿಯಂತೆಯೇ ಓಡುತ್ತದೆ.

ವಯಸ್ಸಿನ ಪರಿಣಾಮ ಹೆಚ್ಚಾಗಿ ಕಾಣುವುದು ಕಣ್ಣಿನಲ್ಲಿ. ದೂರದ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದಾಗುತ್ತದೆ. ರೆಕ್ಕೆಯ ಮೇಲ್ಬದಿಗೆ ತಿಳಿಬಣ್ಣ, ಕೆಳಬದಿಗೆ ಗಾಢವಾದ ಅಗಲ ಪಟ್ಟೆ ಇದ್ದರೆ ಗುರುತು ಸುಲಭ. ವಿಮಾನ ಎದುರಿಗೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಆಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಅದರ ಕಡೆಗೇ ಕಡ್ಡಿ ತಳ್ಳಿದರೆ ವಿಮಾನ ನೆಟ್ಟಗಾಗುತ್ತದೆ. ಇದನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಖರ್ಚಿಲ್ಲದೆ ಅಭ್ಯಾಸ ಮಾಡಬಹುದು. ಪ್ರತಿಕ್ರಿಯೆ ತುಸು ನಿಧಾನವಾಗಿರುವುದರಿಂದ ಮೇಲ್ರೆಕ್ಕೆಯ, ಹಗುರವಾದ ಟ್ರೇನರ್ ವಿಮಾನವೇ ಹೊಂದುತ್ತದೆ.

ಕೊನೆಯದು ಜಾಗದ ಪ್ರಶ್ನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸಕ್ಕೆ ಹಾರಿಸುವ ಮಾದರಿಯ ತೂಕ 25 ಕಿಲೋ ಮೀರಬಾರದು, ಅದು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಡ್ರೋನ್‌ಗಳಿಗಾಗಿ ಸರ್ಕಾರ ತೆರೆದಿರುವ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ, ಪೂರ್ವಾನುಮತಿ ಬೇಡದ ಹಸಿರು ವಲಯವನ್ನು ನೋಡಿಕೊಂಡು ಮೈದಾನ ಆರಿಸಬೇಕು. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ ಹೀಗೆ ನಾಲ್ಕು ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಿ ಎಳೆವಯಸ್ಸಿನಲ್ಲಿ ಹಾರಿಸುತ್ತಿದ್ದ ಮೈದಾನಕ್ಕೆ ಇಂದು ಅನುಮತಿ ಇರುತ್ತದೆಂದು ಹೇಳಲಾಗದು. ಊರಾಚೆ ಜಾಗ ಸಿಕ್ಕರೂ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಆ ತಿಂಗಳುಗಳನ್ನು ಕಟ್ಟುವ ಕೆಲಸಕ್ಕೆ ಮೀಸಲಿಟ್ಟು, ಉಳಿದ ಕಾಲದಲ್ಲಿ ಗಾಳಿ ಏಳುವ ಮುನ್ನ ಬೆಳಗಿನ ಹೊತ್ತು ಹಾರಿಸುವುದು ಲೇಸು.