ಹಳೆಯ ಸೇನಾ ವಿಮಾನ ಕೊಳ್ಳುವವರಿಗೆ ಒಬ್ಬ ಮೆಕ್ಯಾನಿಕ್‌ನ ಮಾತು

ಅಮೆರಿಕದಲ್ಲಿ ಸೇನೆಯಿಂದ ನಿವೃತ್ತವಾದ ವಿಮಾನವನ್ನು ಸಾಮಾನ್ಯ ನಾಗರಿಕರು ಕೊಂಡು, ತಮ್ಮ ಹೆಸರಿಗೆ ನೋಂದಾಯಿಸಿ, ಭಾನುವಾರ ಹಾರಿಸಿಕೊಂಡು ಬರಬಹುದು. ಇಂಥವನ್ನು ಇಲ್ಲಿ ವಾರ್‌ಬರ್ಡ್ ಅನ್ನುತ್ತಾರೆ. ಬೀದರ್‌ನಲ್ಲಿ ಕಿರಣ್ ತರಬೇತಿ ಜೆಟ್‌ಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಕಲಿತ ನಾನು ವಾಯುಪಡೆ ಬಿಟ್ಟ ಮೇಲೆ ಇಲ್ಲಿ ಲೈಸೆನ್ಸ್ ಪಡೆದೆ. ಕೊಳ್ಳುವವರ ಪರವಾಗಿ ವಿಮಾನದ ಮುಚ್ಚಳಗಳನ್ನು ಬಿಚ್ಚಿ ಒಳಗಿನ ಸ್ಥಿತಿ ಹೇಳುವುದೇ ಈಗ ನನ್ನ ಅನ್ನ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಯಾವುದನ್ನು ಕೊಳ್ಳಲಿ?'

೧. ಕಾದಾಡಿದ ವಿಮಾನ ಬೇಡ, ಕಲಿಸಿದ ವಿಮಾನ ನೋಡಿ

ಎಲ್ಲರ ಕನಸಿನಲ್ಲೂ ಪಿ-51 ಮಸ್ಟಾಂಗ್ ಇರುತ್ತದೆ. ಆದರೆ ಅದನ್ನು ಕಟ್ಟಿದ್ದು ಯುದ್ಧ ಮುಗಿಯುವವರೆಗೆ ಬಾಳಲಿ ಎಂದು. ಎಂಬತ್ತು ವರ್ಷ ಬಾಳಬೇಕೆಂದು ಯಾರೂ ಯೋಚಿಸಿರಲಿಲ್ಲ. ಅದರ ಮರ್ಲಿನ್ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಗ್ಯಾರೇಜುಗಳು ಬೆರಳೆಣಿಕೆಯಷ್ಟಿವೆ, ಸರದಿ ಉದ್ದವಿದೆ. ಹಾರುವ ಸ್ಥಿತಿಯ ಮಸ್ಟಾಂಗ್‌ನ ಬೆಲೆ ಇಪ್ಪತ್ತು ಲಕ್ಷ ಡಾಲರ್ ದಾಟಿ ಬಹಳ ಕಾಲವಾಯಿತು.

ತರಬೇತಿ ವಿಮಾನದ ಹುಟ್ಟೇ ಬೇರೆ. ಹತ್ತೊಂಬತ್ತರ ಹುಡುಗ ದಿನಕ್ಕೆ ಹತ್ತು ಸಲ ರನ್‌ವೇಗೆ ಕುಕ್ಕಿದರೂ ಸಂಜೆಗೆ ಮತ್ತೆ ಹಾರಬೇಕು, ರಿಪೇರಿ ಮಾಡುವವನೂ ಹೊಸಬನೇ ಆಗಿರಬಹುದು ಎಂಬ ಲೆಕ್ಕದಲ್ಲಿ ಅದನ್ನು ಕಟ್ಟಿರುತ್ತಾರೆ. ನಮ್ಮ ವಾಯುಪಡೆಯಲ್ಲಿ ಹಾರ್ವರ್ಡ್ ಎಂದು ಕರೆಯುತ್ತಿದ್ದ ಟಿ-6 ಟೆಕ್ಸನ್ ಹದಿನೈದು ಸಾವಿರಕ್ಕೂ ಹೆಚ್ಚು ತಯಾರಾಯಿತು. ಅದರ 600 ಅಶ್ವಶಕ್ತಿಯ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗೆ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಹಾಗೆಂದು ಅದು ಸಾಧು ವಿಮಾನವಲ್ಲ. ಬಾಲದ ಚಕ್ರದ ಮೇಲೆ ಓಡುವ ಟಿ-6, ನೆಲಕ್ಕಿಳಿದ ಮೇಲೆ ಪೈಲಟ್ ಒಂದು ಗಳಿಗೆ ಮೈಮರೆತರೆ ಗಿರಕಿ ಹೊಡೆದು ರೆಕ್ಕೆಯ ತುದಿಯನ್ನು ಹುಲ್ಲಿಗೆ ಒರೆಸುತ್ತದೆ. ಆದರೆ ಆ ರೆಕ್ಕೆಯ ತುದಿಯೂ ಸಿಗುತ್ತದೆ. ಇದೇ ವ್ಯತ್ಯಾಸ.

೨. ಕೊಳ್ಳುವ ಬೆಲೆ ಮರೆತು ಗಂಟೆಯ ಖರ್ಚು ಕೇಳಿ

ಗಂಟೆಗೆ ಟಿ-6 ಸುಮಾರು 110 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಮಸ್ಟಾಂಗ್ ಅದರ ಎರಡು ಪಟ್ಟು. ಎಲ್-39 ಜೆಟ್ ಕೆಳಮಟ್ಟದಲ್ಲಿ ಹಾರಿದರೆ 500 ಲೀಟರ್ ಸೀಮೆಎಣ್ಣೆ ಸಾಲದು. ಹ್ಯಾಂಗರ್ ಬಾಡಿಗೆ, ವಾರ್ಷಿಕ ತಪಾಸಣೆ, ವಿಮೆ ಮಾತ್ರ ವಿಮಾನ ಹಾರಿದರೂ ಬರುತ್ತವೆ, ಹಾರದಿದ್ದರೂ ಬರುತ್ತವೆ. ವಿಮೆಯವರು ನಿಮ್ಮ ಜೇಬಿಗಿಂತ ಮೊದಲು ನಿಮ್ಮ ಹಾರಾಟದ ಗಂಟೆಗಳನ್ನು ನೋಡುತ್ತಾರೆ. ವಿಮಾನಕ್ಕೆ ಮುಂಗಡ ಕೊಡುವ ಮೊದಲೇ ಅವರಿಗೊಂದು ಫೋನ್ ಮಾಡಿ.

೩. ಮೆಕ್ಯಾನಿಕ್ ಸಿಕ್ಕಿದ ಮೇಲೆ ವಿಮಾನ ಹುಡುಕಿ

ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಟಿ-6ರಲ್ಲಿರುವಂಥ ರೇಡಿಯಲ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ವೃತ್ತಾಕಾರವಾಗಿ ಕೂತಿರುತ್ತವೆ, ಕೆಲವು ತಲೆಕೆಳಗಾಗಿ. ವಿಮಾನ ವಾರಗಟ್ಟಲೆ ನಿಂತರೆ ಎಣ್ಣೆ ನಿಧಾನವಾಗಿ ಆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ಗಾಳಿಯನ್ನು ಕುಗ್ಗಿಸಬಹುದು, ಎಣ್ಣೆಯನ್ನು ಕುಗ್ಗಿಸಲಾಗದು. ಹಾಗೆಯೇ ಸ್ಟಾರ್ಟರ್ ಒತ್ತಿದರೆ ಮೇಲಿಂದ ಬಂದ ಪಿಸ್ಟನ್ ಗೋಡೆಗೆ ಬಡಿದಂತೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಷ್ಟವೆಂದರೆ ಅದು ಆಗಲೇ ಮುರಿಯಬೇಕೆಂದಿಲ್ಲ. ಬಾಗಿದ ರಾಡ್ ಹಲವು ಗಂಟೆ ಚೆನ್ನಾಗಿಯೇ ಓಡಿ, ಒಂದು ದಿನ ಆಕಾಶದಲ್ಲಿ ಕೈಕೊಡಬಹುದು.

ಅದಕ್ಕೇ ಹೊರಡುವ ಮುನ್ನ ಕಿಡಿ ಕೊಡುವ ಮ್ಯಾಗ್ನೆಟೋ ಆರಿದೆಯೇ ಎಂದು ಎರಡು ಸಲ ನೋಡಿ, ಪ್ರೊಪೆಲ್ಲರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುವುದು. ಎಲ್ಲಾದರೂ ಬಿಗಿದು ನಿಂತರೆ ಬಲ ಹಾಕಕೂಡದು, ಹಿಂದಕ್ಕಂತೂ ತಿರುಗಿಸಲೇಕೂಡದು. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಇನ್‌ಟೇಕ್ ಪೈಪಿನೊಳಗೆ ಹೋಗಿ ಕೂರುತ್ತದೆ, ಎಂಜಿನ್ ಶುರುವಾದ ಕೂಡಲೇ ವಾಪಸು ಸಿಲಿಂಡರ್‌ಗೇ ಬರುತ್ತದೆ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ತಟ್ಟೆ ಹಿಡಿದು, ಎಣ್ಣೆ ಬಸಿಯುವುದೊಂದೇ ದಾರಿ. ಹೊಸ ಲೈಸೆನ್ಸಿನ ಹುಡುಗರು ಇದನ್ನು ಪುಸ್ತಕದಲ್ಲಿ ಓದಿರುತ್ತಾರೆ, ಕೈ ಪಳಗಿರುವುದಿಲ್ಲ. ಪಳಗಿದವರ ವಯಸ್ಸು ಎಪ್ಪತ್ತರ ಆಸುಪಾಸು. ನಿಮ್ಮ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಅಂಥವರು ಯಾರೂ ಇಲ್ಲದಿದ್ದರೆ ರೇಡಿಯಲ್ ಆಸೆ ಬಿಡಿ.

೪. ಕಾಗದವೂ ವಿಮಾನದ ಭಾಗವೇ

ಎತ್ತು ಕೊಳ್ಳುವವರು ಹಲ್ಲು ಹಿಡಿದು ನೋಡುವ ಹಾಗೆ ಲಾಗ್‌ಬುಕ್ ನೋಡಬೇಕು. ಸೇನಾ ವಿಮಾನ ದೇಶ ಬದಲಿಸುತ್ತದೆ, ನಂಬರ್ ಬದಲಿಸುತ್ತದೆ, ರೆಕ್ಕೆ ಒಂದರದು, ಬಾಲ ಇನ್ನೊಂದರದು ಆಗಿರುತ್ತದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಇಲ್ಲಿಗೆ ಹರಿದು ಬಂದ ವಿಮಾನಗಳ ದಾಖಲೆಗಳು ರಷ್ಯನ್ ಲಿಪಿಯಲ್ಲಿವೆ. ಅನುವಾದ ಮಾಡಿಸಲು ಜಿಪುಣತನ ತೋರುವವರು ಇದ್ದಾರೆ, ಅಂಥವರ ಕೆಲಸ ನಾನು ಒಪ್ಪುವುದಿಲ್ಲ.

ವಿಮಾನದ ಜಾತಕ ಎಷ್ಟು ಸುತ್ತು ಬಳಸಬಹುದು ಎಂಬುದಕ್ಕೆ ಬೆಂಗಳೂರಿನ ಕಥೆಯೇ ಸಾಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಹಾರುವಷ್ಟು ಮಟ್ಟಿಗೆ ತೇಪೆ ಹಾಕಿ ಬೆಂಗಳೂರಿಗೆ ತಂದದ್ದು ಎಚ್‌ಎಎಲ್. ಅಲ್ಲಿ ಪೂರ್ತಿ ದುರಸ್ತಿಯಾದ ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಜಗತ್ತಿನಲ್ಲಿ ಉಳಿದಿರುವ ಕೆಲವೇ ಲಿಬರೇಟರ್‌ಗಳಲ್ಲಿ ಹಲವು ಹೀಗೆ ಭಾರತದಿಂದ ಹೋದವು. ಅರಿಜೋನದ ಪೀಮಾ ಮ್ಯೂಸಿಯಮ್ಮಿನಲ್ಲಿ ಒಂದಿದೆ, ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿ ಇನ್ನೊಂದು. ಅಮೆರಿಕದ ಯುದ್ಧಸ್ಮಾರಕ ಎಂದು ಫೋಟೊ ತೆಗೆಸಿಕೊಳ್ಳುವವರಿಗೆ ಈ ಬೆಂಗಳೂರಿನ ರಿವೆಟ್‌ಗಳ ಸುದ್ದಿ ಹೇಳುವುದು ನನಗೆ ಖುಷಿ ಕೊಡುವ ಚಟ.

೫. ಬಣ್ಣಕ್ಕೆ ಮರುಳಾಗಬೇಡಿ, ಸ್ಪಾರ್ ನೋಡಿ

ರೆಕ್ಕೆಯ ಭಾರ ಹೊರುವ ತೊಲೆ ಸ್ಪಾರ್. ಲೋಹ ದಣಿಯುವುದು ಕಣ್ಣಿಗೆ ಕಾಣುವುದಿಲ್ಲ. 1999ರಲ್ಲಿ ಅಣಕು ಕಾಳಗದ ಹಾರಾಟದಲ್ಲಿದ್ದ ಟಿ-34 ಮೆಂಟರ್ ಒಂದರ ರೆಕ್ಕೆ ಆಕಾಶದಲ್ಲೇ ಮುರಿಯಿತು. 2005ರಲ್ಲಿ ಫ್ಲಾರಿಡಾದಲ್ಲಿ ಟಿ-6ಗೂ ಅದೇ ಗತಿ ಬಂತು. ಎರಡಕ್ಕೂ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಬಿರುಕು ಪತ್ತೆಯ ಪರೀಕ್ಷೆ ಕಡ್ಡಾಯ ಮಾಡಿತು. ವಿಮಾನ ಎಷ್ಟು ಗಂಟೆ ಹಾರಿದೆ ಎನ್ನುವಷ್ಟೇ, ಹೇಗೆ ಹಾರಿದೆ ಎಂದೂ ಕೇಳಿ. ಪ್ರವಾಸಿಗರನ್ನು ಕೂರಿಸಿಕೊಂಡು ಲಾಗ ಹಾಕಿದ ವಿಮಾನಕ್ಕೆ ವಯಸ್ಸು ಬೇಗ ಆಗುತ್ತದೆ.

೬. ಜೆಟ್ಟೇ ಬೇಕು ಎನ್ನುವವರಿಗೆ

ಝೆಕ್ ದೇಶದ ಎಲ್-39 ಕೊಳ್ಳಿ. ಅದೂ ತರಬೇತಿ ವಿಮಾನವೇ. ಎಜೆಕ್ಷನ್ ಸೀಟಿನ ಸಿಡಿಮದ್ದಿಗೆ ಅವಧಿ ಇರುತ್ತದೆ ಎಂಬುದು ನೆನಪಿರಲಿ. ಅನೇಕರು ಅದನ್ನು ನಿಷ್ಕ್ರಿಯ ಮಾಡಿಸಿಯೇ ಹಾರುತ್ತಾರೆ, ಅಂದರೆ ಸೀಟು ಸಮೇತ ಹೊರಚಿಮ್ಮುವ ದಾರಿ ಇಲ್ಲದೆ. 2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಶೋರಮ್‌ನ ಪ್ರದರ್ಶನದಲ್ಲಿ ಹಳೆಯ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು, ಕೆಳಗಿದ್ದ 11 ಮಂದಿ ಸತ್ತರು. ನಿಮ್ಮ ಹವ್ಯಾಸದ ಅಪಾಯವನ್ನು ದಾರಿಹೋಕರೂ ಹೊರುತ್ತಾರೆ ಎಂದು ಗೊತ್ತಿದ್ದೇ ಜೆಟ್ಟಿಗೆ ಕೈಹಾಕಬೇಕು.

ಕಿರಣ್ ಕೊಳ್ಳಬಹುದೇ ಎಂದು ಬೆಂಗಳೂರಿನ ಗೆಳೆಯರು ಕೇಳುವುದುಂಟು. ನಮ್ಮಲ್ಲಿ ನಿವೃತ್ತ ವಿಮಾನಗಳು ವೃತ್ತಗಳಲ್ಲೂ ಕಾಲೇಜು ಆವರಣಗಳಲ್ಲೂ ಕಂಬ ಏರುತ್ತವೆ, ಖಾಸಗಿಯವರ ಹ್ಯಾಂಗರ್ ಸೇರುವುದಿಲ್ಲ. ವಾಯುಪಡೆ ತಾನೇ ಹಾರಿಸಲು ಇಟ್ಟುಕೊಂಡಿರುವ ವಿಂಟೇಜ್ ಫ್ಲೈಟ್‌ನ 'ಪರಶುರಾಮ' ಡಕೋಟ ವಿಮಾನವೂ ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ಬಂದದ್ದು.

೭. ಒಳಗೆ ಕೂತು ನೋಡಿ

ಆರಡಿ ಮೀರಿದವರಿಗೆ ಕೆಲವು ಕಾಕ್‌ಪಿಟ್‌ಗಳಲ್ಲಿ ಮುಚ್ಚಳವೇ ಹಾಕಲಾಗದು. ಹಿಂದಿನ ಸೀಟಿನಲ್ಲಿ ಮನೆಯವರನ್ನೂ ಕೂರಿಸಿ.

೮. ಹಾಗಾದರೆ ನನ್ನ ಆಯ್ಕೆ?

ಚೀನಾದ ನಾನ್‌ಚಾಂಗ್ ಸಿಜೆ-6. ಭಾರತೀಯ ವಾಯುಪಡೆಯ ಹಳೆಯ ಟೆಕ್ನಿಷಿಯನ್ ಹೀಗೆನ್ನುವುದನ್ನು ಕೇಳಿ ಜೊತೆಗಾರರು ಹುಬ್ಬೇರಿಸುತ್ತಾರೆ. 1958ರಲ್ಲಿ ಮೊದಲು ಹಾರಿದ, ಪೂರ್ತಿ ಲೋಹದ, ಮೂಗಿನ ಚಕ್ರವುಳ್ಳ, 285 ಅಶ್ವಶಕ್ತಿಯ ತರಬೇತಿ ವಿಮಾನ ಅದು. ಟಿ-6ರ ಸುಮಾರು ಅರ್ಧ ಬೆಲೆ, ಅರ್ಧ ಪೆಟ್ರೋಲ್, ರೆಕ್ಕೆ ಗಟ್ಟಿ. ಚಕ್ರ, ಫ್ಲ್ಯಾಪ್, ಬ್ರೇಕ್ ಎಲ್ಲವೂ ಒತ್ತಿದ ಗಾಳಿಯಿಂದ ನಡೆಯುತ್ತವೆ, ಎಂಜಿನ್ ಶುರುವಾಗುವುದೂ ಅದರಿಂದಲೇ. ಸಿಲಿಂಡರಿನ ಗಾಳಿ ಸೋರಿಹೋದರೆ ಊರಾಚೆಯ ಏರ್‌ಸ್ಟ್ರಿಪ್‌ನಲ್ಲಿ ನಿಂತಲ್ಲೇ ಗತಿ. ಹಾಗಾಗಿ ಮಾಲೀಕರು ಮುಳುಗುಗಾರರ ಸ್ಕೂಬಾ ಸಿಲಿಂಡರ್ ಒಂದನ್ನು ಹಿಂದೆ ಇಟ್ಟುಕೊಂಡೇ ಹೊರಡುತ್ತಾರೆ. ಪ್ರೊಪೆಲ್ಲರ್ ಅಮೆರಿಕದ ಎಂಜಿನ್‌ಗಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ, ಆದ್ದರಿಂದ ಮೇಲೇರುವಾಗ ಬಲಗಾಲಿನ ಬದಲು ಎಡಗಾಲು ಒತ್ತಬೇಕು. ನಾವು ನಾಲ್ವರು ಸೇರಿ ಒಂದಕ್ಕೆ ಮಾತುಕತೆ ನಡೆಸಿದ್ದೇವೆ. ಬೆಲೆ ಕುದುರಿದೆ, ಸ್ಪಾರ್ ನಾನೇ ನೋಡಿದ್ದೇನೆ, ವಿಮೆಯವರೂ ಒಪ್ಪಿದ್ದಾರೆ. ಯಾವ ದೇಶದ ಬಣ್ಣ ಬಳಿಯುವುದು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.