ಗಾಡಿ ಬರುವ ಮೊದಲು ಎದೆ ಒತ್ತಿ

ಲಕ್ಕಲಕಟ್ಟಿಯಂಥ ಊರಿನಲ್ಲಿ ಯಾರಾದರೂ ದಿಢೀರನೆ ಕುಸಿದು ಬಿದ್ದರೆ ಮೊದಲು ಕೇಳುವ ಮಾತು, ‘ಗಾಡಿ ತರ್ರಿ, ಗಜೇಂದ್ರಗಡಕ್ಕ ಒಯ್ಯೂಣು’. ಬಿದ್ದವರ ಹೃದಯ ನಿಂತಿದ್ದರೆ ಈ ಅವಸರವೇ ಅವರಿಗೆ ಮುಳುವು. ನಾಲ್ಕು ಜನ ಕೈಕಾಲು ಹಿಡಿದು ಟಂಟಂನ ಹಿಂದಿನ ಸೀಟಿಗೆ ಮಡಚಿ ಹಾಕುವಷ್ಟರಲ್ಲೇ ಐದು ನಿಮಿಷ ಹೋಗಿರುತ್ತದೆ. ರಕ್ತ ಹರಿಯದ ಮಿದುಳು ನಾಲ್ಕೈದು ನಿಮಿಷಕ್ಕೇ ಕೆಡತೊಡಗುತ್ತದೆ. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಅಷ್ಟರೊಳಗೆ ಆಂಬ್ಯುಲೆನ್ಸ್ ಬಂದು ಮುಟ್ಟುವುದು ಬೆಂಗಳೂರಿನಲ್ಲೇ ಕಷ್ಟ, ಇಲ್ಲಿಯ ಮಾತಂತೂ ಬೇಡ. ಹಾಗಾಗಿ ಚಿಕಿತ್ಸೆ ಶುರುವಾಗಬೇಕಾದದ್ದು ಬಿದ್ದ ಜಾಗದಲ್ಲೇ, ಪಕ್ಕದಲ್ಲಿದ್ದವರ ಕೈಯಿಂದಲೇ.

ಶುರು ಮಾಡುವ ಮುಂಚೆ ಒಂದು ವ್ಯತ್ಯಾಸ ತಿಳಿದಿರಲಿ. ಎದೆ ಹಿಂಡುತ್ತಿದೆ, ಬೆವರು ಕಿತ್ತುಬರುತ್ತಿದೆ ಎಂದು ಮಾತಾಡುತ್ತಿರುವವರಿಗೆ ಆಗಿರುವುದು ಹೃದಯಾಘಾತ ಇರಬಹುದು, ಆದರೆ ಹೃದಯ ಬಡಿಯುತ್ತಿದೆ. ಅವರ ಎದೆ ಒತ್ತಬಾರದು. ನಡೆಸದೆ ಕೂರಿಸಿ, ತಡಮಾಡದೆ ಆಸ್ಪತ್ರೆಗೆ ಕಳಿಸಿ. ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿಸಿ ಕಾಯುವುದು ನಮ್ಮ ಕಡೆಯ ದೊಡ್ಡ ಕೇಡು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ‘ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಮುಂದಿನ ಹಂತಗಳೆಲ್ಲ ಪ್ರಜ್ಞೆಯೂ ಸರಿಯಾದ ಉಸಿರೂ ಇಲ್ಲದವರಿಗೆ.

ಹಂತ 1: ಜಾಗ ನೋಡಿ, ಆಮೇಲೆ ಮುಟ್ಟಿ

ಹೊಲದಲ್ಲಿ ಮೋಟಾರಿನ ಪಕ್ಕ ಬಿದ್ದಿದ್ದರೆ ಮೊದಲು ಕರೆಂಟ್ ತೆಗೆಯಿರಿ. ಲೈನಿನ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ, ಲೈನ್‌ಮನ್‌ಗೆ ಹೇಳಿ ಬಂದ್ ಮಾಡಿಸಿ.

ಹಂತ 2: ಕರೆಯಿರಿ, ಉಸಿರು ನೋಡಿ

ಎರಡೂ ಭುಜ ತಟ್ಟಿ ಜೋರಾಗಿ ‘ಕಾಕಾ, ಏಳ್ರಿ’ ಎನ್ನಿ. ಅಲುಗದಿದ್ದರೆ ಎದೆ, ಹೊಟ್ಟೆ ಏರಿಳಿಯುತ್ತಿವೆಯೇ ಎಂದು ಹತ್ತು ಸೆಕೆಂಡಿನೊಳಗೆ ನೋಡಿ. ನಾಡಿ ಹುಡುಕುತ್ತ ಕೂರಬೇಡಿ. ಗಾಬರಿಯಲ್ಲಿ ನಿಮ್ಮದೇ ನಾಡಿ ಬೆರಳಿಗೆ ಸಿಕ್ಕು ಮೋಸ ಮಾಡುತ್ತದೆ.

ಇಲ್ಲಿ ತುಂಬ ಜನ ಎಡವುತ್ತಾರೆ. ಹೃದಯ ನಿಂತ ಮೊದಲ ಕೆಲವು ನಿಮಿಷ ಬಾಯಿ ತೆರೆದು, ಆಗೊಮ್ಮೆ ಈಗೊಮ್ಮೆ ಗೊರಕೆ ಹೊಡೆದಂತೆ ಗಾಳಿ ಎಳೆಯುವುದುಂಟು. ‘ಉಸಿರದ’ ಎಂದು ಸುತ್ತ ನಿಂತವರು ಸಮಾಧಾನಪಡುತ್ತಾರೆ. ಅದು ಉಸಿರಾಟವಲ್ಲ. ಒಂದೆರಡು ಸಲ ಕೈಕಾಲು ಅದುರಿದರೆ ಮೂರ್ಛೆ ಎಂದುಕೊಂಡು ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವವರೂ ಇದ್ದಾರೆ. ಕಬ್ಬಿಣ ಬೇಡ, ಉಳ್ಳಾಗಡ್ಡಿ ಬೇಡ, ಬಾಯಿಗೆ ನೀರಂತೂ ಬೇಡವೇ ಬೇಡ.

ಹಂತ 3: 108

ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ‘ಆರೋಗ್ಯ ಕವಚ’ ಆಂಬ್ಯುಲೆನ್ಸ್ ಸೇವೆಯ ಈ ನಂಬರ್ ಇದೆ. ಫೋನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಕೈ ಖಾಲಿಯಾಗುತ್ತದೆ. ಕರೆ ಎತ್ತಿದವರು ಬೇರೆ ಊರಲ್ಲಿ ಕೂತಿರುತ್ತಾರೆ, ಬರೀ ‘ಗುಡಿ ಹಂತ್ಯಾಕ’ ಎಂದರೆ ಅವರಿಗೆ ತಿಳಿಯದು. ‘ಲಕ್ಕಲಕಟ್ಟಿ, ಗಜೇಂದ್ರಗಡ ತಾಲ್ಲೂಕು, ಮೊದಲು ರೋಣ ತಾಲ್ಲೂಕು, ಗದಗ ಜಿಲ್ಲೆ’ ಎಂದು ಪೂರ್ತಿ ಹೇಳಿ. ‘ಪ್ರಜ್ಞೆ ಇಲ್ಲ, ಉಸಿರಿಲ್ಲ’ ಎಂಬ ಎರಡು ಮಾತು ಬಿಡಬೇಡಿ. ದಾರಿ ತೋರಿಸಲು ಹುಡುಗನೊಬ್ಬನನ್ನು ಡಾಂಬರು ರಸ್ತೆಗೆ ಓಡಿಸಿ, ರಾತ್ರಿಯಾದರೆ ಬ್ಯಾಟರಿ ಕೊಟ್ಟು.

ಹಂತ 4: ಎದೆ ಒತ್ತಿ

ಹೊರಸಿನ ಮೇಲಿದ್ದರೆ ನೆಲಕ್ಕೆ ಇಳಿಸಿ. ಹೊರಸು ಜೋತುಬೀಳುವುದರಿಂದ ನೀವು ಒತ್ತಿದ್ದೆಲ್ಲ ಅದಕ್ಕೇ ಹೋಗುತ್ತದೆ. ಪಡಸಾಲೆಯ ಬಂಡೆಯಂಥ ಗಟ್ಟಿ ನೆಲ ಬೇಕು.

ಪಕ್ಕದಲ್ಲಿ ಮೊಣಕಾಲೂರಿ. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು ಬೆರಳು ಹೆಣೆಯಿರಿ. ಮೊಣಕೈ ಮಡಚದೆ, ಭುಜ ಕೈಗಳ ನೇರಕ್ಕೆ ತಂದು, ಮೈಭಾರ ಬಿಟ್ಟು ಒತ್ತಿ. ದೊಡ್ಡವರಿಗೆ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಜೋರಾಗಿ ಎಣಿಸಿ; ಮೂವತ್ತು ಎನ್ನುವುದಕ್ಕೆ ಹದಿನೈದರಿಂದ ಹದಿನೆಂಟು ಸೆಕೆಂಡು ಹಿಡಿದರೆ ಲೆಕ್ಕ ಸರಿಯಿದೆ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಹೃದಯಕ್ಕೆ ರಕ್ತ ತುಂಬುವುದು ಆಗಲೇ.

ವಯಸ್ಸಾದವರಲ್ಲಿ ಪಕ್ಕೆಲುಬು ಲಟಕ್ಕೆನ್ನಬಹುದು. ಕೈಯ ಜಾಗ ಸರಿಯಿದೆಯೇ ನೋಡಿಕೊಂಡು ಮುಂದುವರಿಸಿ. ಎಲುಬು ಆಮೇಲೆ ಕೂಡಿಕೊಳ್ಳುತ್ತದೆ. ಬಿದ್ದವರು ಹೆಣ್ಣುಮಗಳಾದರೆ ಗಂಡಸರು ಹಿಂಜರಿಯುತ್ತಾರೆ. ಸೀರೆ, ಕುಪ್ಪಸ ತೆಗೆಯಬೇಕಿಲ್ಲ, ತಾಳಿ ಪಕ್ಕಕ್ಕೆ ಸರಿಸಿ ಬಟ್ಟೆಯ ಮೇಲಿಂದಲೇ ಒತ್ತಿ. ಹೆಣ್ಣುಮಕ್ಕಳೇ ಇದನ್ನು ಕಲಿತರೆ ಇನ್ನೂ ಒಳ್ಳೆಯದು.

ಹೀಗೆ ಎದೆಯ ಹೊರಗಿನಿಂದ ಒತ್ತಿ ರಕ್ತ ಹರಿಸಬಹುದೆಂದು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ ಜಗತ್ತಿಗೆ ತಿಳಿಸಿದ ಮೂವರಲ್ಲಿ ಒಬ್ಬರಾದ ಕೌವೆನ್‌ಹೋವೆನ್ ಕರೆಂಟಿನ ಇಂಜಿನಿಯರ್. ಡಾಕ್ಟರೇ ಮಾಡಬೇಕು ಎನ್ನುವವರಿಗೆ ಇದನ್ನು ಹೇಳಿ. ಮನೆಯಲ್ಲಿ ದಪ್ಪಗೆ ಮಡಚಿದ ಕೌದಿಯ ಮೇಲೆ ಎರಡು ನಿಮಿಷ ಒತ್ತಿ ನೋಡಿ, ತೋಳು ಹೇಗೆ ಸೋಲುತ್ತದೆಂದು ತಿಳಿಯುತ್ತದೆ. ಜೀವಂತ ಮನುಷ್ಯರ ಮೇಲೆ ಮಾತ್ರ ಅಭ್ಯಾಸ ಮಾಡಬೇಡಿ.

ಹಂತ 5: ಕೈ ಬದಲಿಸಿ

ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಒತ್ತಲಿ, ಸುಸ್ತಾಗದಿದ್ದರೂ ಸರಿ. ಬದಲಿಸುವಾಗ ಅಂತರ ಬೀಳಬಾರದು. ಸುತ್ತ ನೆರೆದ ಜನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಹಂತ 6: ಉಸಿರು ಕೊಡಬೇಕೇ?

ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಸಾಮಾನ್ಯ ಜನರಿಗೆಂದು ರೂಪಿಸಿದ ಕ್ರಮದಲ್ಲಿ ದೊಡ್ಡವರಿಗೆ ಬರೀ ಎದೆ ಒತ್ತಿದರೆ ಸಾಕು. ಬಾವಿ, ಕೃಷಿಹೊಂಡದಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಮಾತ್ರ ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಕೊಡಲಿ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರ ಬಾಯಿಗೆ ಬಾಯಿ ಹಚ್ಚಬೇಡಿ, ವಿಷ ನಿಮಗೂ ತಾಗುತ್ತದೆ.

ಹಂತ 7: ಗಾಡಿ ಬಂದಾಗ

ಎಲ್ಲಾದರೂ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಕೈಗೆ ಸಿಕ್ಕರೆ ಗುಂಡಿ ಒತ್ತಿ, ಅದು ಹೇಳಿದಂತೆ ಮಾಡಿ. ಬೆವರು ಒರೆಸಿ ಪಟ್ಟಿ ಅಂಟಿಸಬೇಕು, ಶಾಕ್ ಕೊಡುವಾಗ ಯಾರೂ ಮುಟ್ಟಿರಬಾರದು. 108 ಬರುವುದೇ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಹಿಂದೆ ಸಪಾಟಾದ ನೆಲವಿರುವ ಗಾಡಿಯಲ್ಲಿ ಅಂಗಾತ ಮಲಗಿಸಿ, ಇಬ್ಬರು ಹತ್ತಿ ಸರದಿಯಲ್ಲಿ ಒತ್ತುತ್ತ ಹೋಗಿ.

ಬಿದ್ದವರು ಕಣ್ಣು ಬಿಟ್ಟು ಸರಿಯಾಗಿ ಉಸಿರಾಡತೊಡಗಿದರೆ ಒತ್ತುವುದು ನಿಲ್ಲಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರಿನ ಮೇಲೆ ಕಣ್ಣಿಡಿ. ಇಲ್ಲವಾದರೆ 108ರ ಸಿಬ್ಬಂದಿ ‘ಬಿಡಿ’ ಎನ್ನುವ ತನಕ ಕೈ ತೆಗೆಯಬೇಡಿ. ಎಷ್ಟೊತ್ತಿಗೆ ಬಿದ್ದರು, ಒತ್ತಲು ಯಾವಾಗ ಶುರು ಮಾಡಿದಿರಿ, ಬೀಳುವ ಮುಂಚೆ ಏನಾಗಿತ್ತು ಎಂಬುದನ್ನು ಅವರಿಗೆ ಹೇಳಿ, ದಿನಾ ನುಂಗುವ ಬಿಪಿ, ಶುಗರ್ ಗುಳಿಗೆಯ ಪಟ್ಟಿಗಳಿದ್ದರೆ ಕೈಗೆ ಕೊಡಿ. ಆಧಾರ್, ರೇಷನ್ ಕಾರ್ಡು ಹುಡುಕುತ್ತ ಗಾಡಿ ತಡೆಯಬೇಡಿ. ಅವನ್ನು ಹಿಂದಿನಿಂದ ಯಾರಾದರೂ ಬೈಕಿನಲ್ಲಿ ತಂದರಾಯಿತು.