ವಿನಾಯಿತಿ ಇತ್ತು, ದಾರಿ ಇರಲಿಲ್ಲ: ತಲಪಾಡಿ ಗಡಿಯಿಂದ ಒಂದು ಪಾಠ

ಲಾಕ್‌ಡೌನ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆನ್‌ಲೈನ್ ಕ್ಲಾಸು, ಕೈಕೊಡುವ ನೆಟ್‌ವರ್ಕು. ಅದೇ ದಿನಗಳಲ್ಲಿ ನಮ್ಮ ರಾಜ್ಯದ ಗಡಿಯೊಂದರಲ್ಲಿ ನಡೆದದ್ದನ್ನು ಎಂಜಿನಿಯರಿಂಗ್ ಓದುವ ನಾವು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಪ್ರಶ್ನೆ ಇಷ್ಟೇ: ಒಂದು ನಿಯಮ ಮಾಡಿ, ಅದರ ಕೆಳಗೆ ‘ಇಂಥವರಿಗೆ ವಿನಾಯಿತಿ’ ಅಂತ ಒಂದು ಸಾಲು ಬರೆದರೆ, ಆ ಸಾಲು ರಸ್ತೆಯ ಮೇಲೆ ಕೆಲಸ ಮಾಡೋಕೆ ಇನ್ನೇನು ಬೇಕು?

ಮೊದಲು ಜಾಗದ ಪರಿಚಯ. ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋದರೆ ತಲಪಾಡಿ ಸಿಗುತ್ತೆ. ಅಲ್ಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಆ ವಾದಕ್ಕೆ ಇನ್ನೊಂದು ಲೇಖನವೇ ಬೇಕು. ಇಲ್ಲಿ ನಮಗೆ ಮುಖ್ಯವಾದದ್ದು, ನಕ್ಷೆಯಲ್ಲಿ ಗೆರೆ ಬಿದ್ದ ಮೇಲೂ ಜನರ ಓಡಾಟ ಬದಲಾಗಲಿಲ್ಲ ಅನ್ನೋದು. ಕನ್ನಡ, ತುಳು, ಬ್ಯಾರಿ, ಮಲಯಾಳ ಮಾತಾಡುವ ಮನೆಗಳು ಗೆರೆಯ ಎರಡೂ ಕಡೆ ಇವೆ. ಕಾಲೇಜು, ಕೆಲಸ, ಆಸ್ಪತ್ರೆ ಎಲ್ಲದಕ್ಕೂ ಆ ಕಡೆಯವರು ಬರೋದು ಮಂಗಳೂರಿಗೆ. ಕಾಸರಗೋಡು ಪಟ್ಟಣದಿಂದ ಸುಮಾರು 50 ಕಿ.ಮೀ., ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ತಮ್ಮದೇ ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆ ಬೇಕಿದ್ದರೆ ಕಣ್ಣೂರು ಜಿಲ್ಲೆಯ ಪರಿಯಾರಂಗೋ ಕಲ್ಲಿಕೋಟೆಗೋ ಹೋಗಬೇಕಿತ್ತು. ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಂಕುಸ್ಥಾಪನೆ ಆಗಿತ್ತು, ಆದರೆ 2020ರ ಮಾರ್ಚ್‌ನಲ್ಲಿ ಆಸ್ಪತ್ರೆ ಇನ್ನೂ ಶುರುವಾಗಿರಲಿಲ್ಲ.

ಈಗ ಆದೇಶಕ್ಕೆ ಬರೋಣ. 2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ದೇಶಕ್ಕೆಲ್ಲ 21 ದಿನದ ಲಾಕ್‌ಡೌನ್ ಮಾರ್ಗಸೂಚಿ ಹೊರಡಿಸಿತು. ಅದರಲ್ಲೇ ವಿನಾಯಿತಿಯ ಪಟ್ಟಿಯೂ ಇತ್ತು. ಆಸ್ಪತ್ರೆ, ಔಷಧಿ ಅಂಗಡಿ, ಲ್ಯಾಬ್, ಆಂಬುಲೆನ್ಸ್ ಎಲ್ಲ ನಡೆಯಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ಪೇಪರ್ ಮೇಲೆ ನೋಡಿದರೆ ಕಾಸರಗೋಡಿನ ರೋಗಿಗೆ ತೊಂದರೆಯೇ ಇಲ್ಲ.

ಆದರೆ ಗಡಿಯಲ್ಲಿ ಆದದ್ದೇ ಬೇರೆ. ಆಗ ಕೇರಳದಲ್ಲಿ ಅತಿ ಹೆಚ್ಚು ಕೋವಿಡ್ ಪ್ರಕರಣ ಇದ್ದದ್ದು ಕಾಸರಗೋಡಿನಲ್ಲಿ. ಕರ್ನಾಟಕ ಸರ್ಕಾರ ಗಡಿ ಬಂದ್ ಮಾಡಿತು. ತಲಪಾಡಿಯಲ್ಲಿ ಪೊಲೀಸರು ನಿಂತರು. ಕೇರಳಕ್ಕೆ ಹೋಗುವ ಹಲವು ರಸ್ತೆಗಳಿಗೆ, ಕೊಡಗಿನ ಮಾಕುಟ್ಟ ರಸ್ತೆಗೂ ಸೇರಿ, ಲಾರಿಯಲ್ಲಿ ಮಣ್ಣು ತಂದು ಸುರಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಲ್ಲಿ ‘ಇಫ್’ ಕಂಡೀಷನ್ನೇ ಇಲ್ಲ. ಚೆಕ್‌ಪೋಸ್ಟಿನಲ್ಲಿ ನಿಂತ ಪೊಲೀಸಿಗೆ ಚೀಟಿ ತೋರಿಸಬಹುದು, ಕೈಮುಗಿದು ಕೇಳಬಹುದು. ಮಣ್ಣಿನ ರಾಶಿಗೆ ಆದೇಶ ಓದೋಕೆ ಬರಲ್ಲ.

ಕೋವಿಡ್ ಅಲ್ಲದ ಕಾಯಿಲೆಯ ರೋಗಿಗಳು ಇದರಲ್ಲಿ ಸಿಕ್ಕಿಕೊಂಡರು. ಹೃದಯಾಘಾತ ಆದವರು, ಹೆರಿಗೆ ನೋವಿನವರು, ಡಯಾಲಿಸಿಸ್ ಬೇಕಾದವರು. ಗಡಿಯಲ್ಲಿ ತಡೆದದ್ದರಿಂದ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು ಅಂತ ಆಗ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ವರದಿ ಬರುತ್ತಿತ್ತು. ಕೇರಳದ ಕಡೆಯಿಂದ ಇದು ಕ್ರೌರ್ಯ ಅನ್ನಿಸಿತು. ಕರ್ನಾಟಕದ ವಾದವನ್ನೂ ನಾವು ಕೇಳಿಸಿಕೊಳ್ಳಬೇಕು: ಬರುವ ರೋಗಿಗೆ ಸೋಂಕು ಇಲ್ಲ ಅಂತ ಗಡಿಯಲ್ಲಿ ನಿಂತು ಹೇಳೋದು ಹೇಗೆ? ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯನ್ನೇ ಆಗ ಕೋವಿಡ್‌ಗೆ ಮೀಸಲಿಡುತ್ತಿದ್ದರು, ಊರಿನವರಿಗೂ ಭಯ ಇತ್ತು. ಭಯ ಸುಳ್ಳಲ್ಲ. ಆದರೆ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಸೋಂಕಿತರೊಬ್ಬರನ್ನು ಒಳಗೆ ಬಿಟ್ಟರೆ ಪಿಪಿಇ ಕಿಟ್, ಪ್ರತ್ಯೇಕ ವಾರ್ಡು, ಟೆಸ್ಟು ಅಂತ ಸಂಭಾಳಿಸೋಕೆ ಏನಾದರೂ ದಾರಿ ಇರುತ್ತೆ. ಹೃದಯಾಘಾತದವರನ್ನು ವಾಪಸ್ ಕಳಿಸಿದರೆ ಸರಿಪಡಿಸೋಕೆ ಏನೂ ಉಳಿಯಲ್ಲ. ನಮ್ಮ ಅಭಿಪ್ರಾಯದಲ್ಲಿ ಗಡಿ ಮುಚ್ಚಿದ್ದಕ್ಕಿಂತ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಚ್ಚಿದ್ದು ದೊಡ್ಡ ದೋಷ.

ಇನ್ನೊಂದು ವಿಚಿತ್ರ ನೋಡಿ. ಮೈಸೂರಿನಿಂದ ಗುಂಡ್ಲುಪೇಟೆ ಮೂಲಕ ಮುತ್ತಂಗಕ್ಕೆ, ಎಚ್.ಡಿ. ಕೋಟೆ–ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಎರಡು ರಸ್ತೆಗಳನ್ನು ಸರಕು ಸಾಗಣೆಗೆ ತೆರೆಯಲು ಕರ್ನಾಟಕ ಒಪ್ಪಿತ್ತು. ಅಂದರೆ ತರಕಾರಿ ಲಾರಿಗೆ ಒಂದು ವ್ಯವಸ್ಥೆ ಸಿಕ್ಕಿತು, ಆಂಬುಲೆನ್ಸ್‌ಗೆ ಇನ್ನೂ ಸಿಕ್ಕಿರಲಿಲ್ಲ.

ವಿಷಯ ಕೋರ್ಟಿಗೆ ಹೋಯಿತು. ಕೇರಳ ಹೈಕೋರ್ಟಿನಲ್ಲಿ ಅಲ್ಲಿನ ವಕೀಲರ ಸಂಘವೇ ಅರ್ಜಿ ಹಾಕಿತ್ತು. ಏಪ್ರಿಲ್ 1ರಂದು ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವ ವಾಹನಗಳಿಗೆ ಅಡ್ಡಿ ತೆಗೆಸಬೇಕು ಅಂತ ಆದೇಶ ಮಾಡಿತು. ಆಧಾರ ಸಂವಿಧಾನದ ಎರಡು ವಿಧಿಗಳು: ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಕೊಡುವ 19(1)(ಡಿ), ಜೀವಿಸುವ ಹಕ್ಕಿನ 21. ಮೊದಲನೆಯದಕ್ಕೆ 19(5)ರ ಪ್ರಕಾರ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು, ಹಾಗಾಗಿ ಗಡಿಯಲ್ಲಿ ತಪಾಸಣೆ ಮಾಡೋದೇ ತಪ್ಪು ಅಂತ ಯಾರೂ ಹೇಳಲಿಲ್ಲ. ಗಮನಿಸಬೇಕಾದ್ದು, ಆದೇಶ ಹೋದದ್ದು ಕರ್ನಾಟಕಕ್ಕಲ್ಲ, ಕೇಂದ್ರಕ್ಕೆ. ಒಂದು ರಾಜ್ಯದ ಹೈಕೋರ್ಟು ಪಕ್ಕದ ರಾಜ್ಯದ ಸರ್ಕಾರಕ್ಕೆ ನೇರವಾಗಿ ಹೀಗೆ ಮಾಡು ಅನ್ನೋದು ಕಷ್ಟ. ಆದರೆ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು.

ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು, ಕೇಂದ್ರದ ಆರೋಗ್ಯ ಕಾರ್ಯದರ್ಶಿ ಮತ್ತು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕೂತು ಮಾತಾಡಿ ದಾರಿ ಹುಡುಕಲಿ ಅಂದಿತು. ಏಪ್ರಿಲ್ 7ಕ್ಕೆ, ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆ ಅಂತ ಕೇಂದ್ರ ತಿಳಿಸಿತು, ಕೇಸು ಮುಗಿಯಿತು. ಮುಂದೆ ರೋಗಿ ವೈದ್ಯರ ಸರ್ಟಿಫಿಕೇಟ್ ತರಬೇಕು, ಗಡಿಯಲ್ಲಿ ತಪಾಸಣೆ ಆಗಬೇಕು, ಆಮೇಲೆ ಮಂಗಳೂರು.

ಕೋರ್ಟಿನ ಲೆಕ್ಕದಲ್ಲಿ ಇದು ಅತಿ ವೇಗ. ಒಂದು ವಾರದೊಳಗೆ ಹೈಕೋರ್ಟು, ಸುಪ್ರೀಂ ಕೋರ್ಟು, ಮೂರು ಸರ್ಕಾರಗಳ ಮಾತುಕತೆ, ಎಲ್ಲ ಮುಗಿದಿದೆ. ಆದರೆ ಡಯಾಲಿಸಿಸ್ ರೋಗಿಯ ಗಡಿಯಾರ ಬೇರೆ. ಅವರಿಗೆ ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮೆಷಿನ್ ಬೇಕು. ಮಾರ್ಚ್ 25ರಿಂದ ಏಪ್ರಿಲ್ 7ರವರೆಗಿನ ಹದಿನಾಲ್ಕು ದಿನ ಅಂದರೆ ಅವರಿಗೆ ನಾಲ್ಕರಿಂದ ಆರು ಸರದಿ.

ಕೊನೆಗೆ ಬಂದ ವ್ಯವಸ್ಥೆಯಲ್ಲಿ ರಾಕೆಟ್ ಸೈನ್ಸ್ ಏನೂ ಇಲ್ಲ. ಯಾರು ದಾಟಬಹುದು, ಯಾವ ಚೀಟಿ ತೋರಿಸಬೇಕು, ಅದನ್ನು ಯಾರು ಕೊಡ್ತಾರೆ, ಗೇಟಿನಲ್ಲಿ ಯಾರು ನೋಡಿ ಬಿಡ್ತಾರೆ, ಇಷ್ಟೇ. ಮಾರ್ಚ್ 24ರ ಪಟ್ಟಿಯಲ್ಲಿ ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಇತ್ತು. ಉಳಿದ ಮೂರಕ್ಕೆ ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ಉತ್ತರ ಬರೀಬೇಕಿತ್ತು. ಕೇರಳದ ಡಾಕ್ಟರ್ ಬರೆದ ಚೀಟಿಯನ್ನು ಕರ್ನಾಟಕದ ಗೇಟು ಒಪ್ಪದಿದ್ದರೆ ಅದು ಬರೀ ಕಾಗದ.

ಮುಂದಿನ ವರ್ಷದ ಆದೇಶಗಳಲ್ಲಿ ಈ ಭಾಗ ಸ್ವಲ್ಪ ಸುಧಾರಿಸಿದೆ. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ತರಬೇಕು ಅಂತ ಕರ್ನಾಟಕ ನಿಯಮ ಮಾಡಿತು. ನಮ್ಮಂಥ ವಿದ್ಯಾರ್ಥಿಯೊಬ್ಬ ಮಂಜೇಶ್ವರದಿಂದ ದಿನಾ ಮಂಗಳೂರಿನ ಕಾಲೇಜಿಗೆ ಬರ್ತಾನೆ ಅಂದುಕೊಳ್ಳಿ. 72 ಗಂಟೆ ಅಂದರೆ ಮೂರು ದಿನ; ಆ ನಿಯಮವನ್ನು ಅಕ್ಷರಶಃ ಪಾಲಿಸಿದರೆ ವಾರಕ್ಕೆ ಎರಡು ಸಲ ಮೂಗಿಗೆ ಕಡ್ಡಿ. ಜುಲೈನ ಆದೇಶಗಳಲ್ಲಿ ಓದು, ವ್ಯಾಪಾರ, ಚಿಕಿತ್ಸೆ ಅಂತ ದಿನಾ ಓಡಾಡುವವರಿಗೆ 15 ದಿನಕ್ಕೊಮ್ಮೆ ಟೆಸ್ಟ್ ಸಾಕು ಅಂತ ಪ್ರತ್ಯೇಕವಾಗಿ ಬರೆದರು. ಇನ್ನೂ ಮುಖ್ಯವಾದ ಸಾಲು ಬೇರೆ ಇದೆ: ಮನೆಯಲ್ಲಿ ಸಾವು, ತುರ್ತು ಚಿಕಿತ್ಸೆಯಂಥ ಸಂದರ್ಭದಲ್ಲಿ ರಿಪೋರ್ಟ್ ಇಲ್ಲದೆ ಬಂದರೂ ಬಿಡಬೇಕು, ಬಂದ ಮೇಲೆ ವಿವರ ಬರೆದುಕೊಂಡು ಸ್ವಾಬ್ ತೆಗೆಯಬೇಕು. ಮೊದಲು ಒಳಗೆ ಬಿಡು, ಆಮೇಲೆ ಪರೀಕ್ಷೆ ಮಾಡು. 2020ರ ಏಪ್ರಿಲ್‌ನಲ್ಲಿ ಟೆಸ್ಟ್ ಕಿಟ್ಟುಗಳೇ ಕಡಿಮೆ ಇದ್ದವು, ನಿಜ. ಆದರೆ ಈ ಅನುಕ್ರಮ ಬರೆಯೋಕೆ ಕಿಟ್ ಬೇಕಿರಲಿಲ್ಲ.

ಕೇರಳವೂ ಸುಮ್ಮನೆ ಕೂರಲಿಲ್ಲ. ಉಕ್ಕಿನಡ್ಕದ ಅರೆಬರೆ ಮೆಡಿಕಲ್ ಕಾಲೇಜನ್ನು 2020ರ ಏಪ್ರಿಲ್‌ನಲ್ಲೇ ಕೋವಿಡ್ ಆಸ್ಪತ್ರೆ ಮಾಡಿತು. ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಸುಮಾರು 540 ಹಾಸಿಗೆಯ ಆಸ್ಪತ್ರೆ ಕಟ್ಟಿ ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ಇವೆಲ್ಲ ಕೋವಿಡ್‌ಗೆ. ಹೃದಯಕ್ಕೆ, ಕಿಡ್ನಿಗೆ ಮಂಗಳೂರಿನ ದಾರಿಯೇ ಹತ್ತಿರ, ಆ ದಾರಿ ಹೋಗೋದು ತಲಪಾಡಿಯ ಮೇಲೆಯೇ.